ಮಾಮನ ಲೇತು, ಅತ್ತೆಯ ಕೈ

ನಮ್ಮ ಮಾಮನಿಗೆ ತಲೆ ಕೆಟ್ಟಿರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಹೇಳಬಲ್ಲೆ. ಆದರೆ ಒಬ್ಬ ಮನುಷ್ಯನ ತಲೆ ಸರಿಯಾಗಿದೆ ಎಂದು ಇನ್ನೊಬ್ಬರು ಕರ್ಪೂರ ಹಚ್ಚಿ ಹೇಳಬೇಕಾಗಿ ಬಂದಿದೆಯಲ್ಲ, ಕಷ್ಟ ಇರುವುದೇ ಅಲ್ಲಿ!

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ಸೇಲಂನಲ್ಲಿ, ಸಬ್ಬಕ್ಕಿ ಮಿಲ್ಲುಗಳಿಗೆ ಬೇಕಾದ ಶಾಫ್ಟು, ಪುಲ್ಲಿಗಳನ್ನು ಕಡೆದು ಕೊಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಬೆಳಗಿನ ಶಿಫ್ಟು ಮುಗಿಸಿ ಮೂರು ಗಂಟೆಗೆ ಮನೆಗೆ ಬಂದವರೇ ಒಂದು ಲೋಟ ಕಾಪಿ ಕುಡಿದು ಹಿತ್ತಲ ತಗಡಿನ ಶೆಡ್ಡಿಗೆ ನುಗ್ಗುತ್ತಿದ್ದರು. ಅಲ್ಲಿ ಅವರೇ ಗುಜರಿಯಿಂದ ತಂದು ಜೋಡಿಸಿದ ಮರ ಕಡೆಯುವ ಒಂದು ಲೇತು ಯಂತ್ರ. ಹಗಲೆಲ್ಲ ಕಬ್ಬಿಣ ಕಡೆದ ಮನುಷ್ಯ ಸಂಜೆಯೆಲ್ಲ ಮರ ಕಡೆಯುತ್ತಿದ್ದರು. ಏನು ಮಾಡುತ್ತಿದ್ದರು? ಮಂಚದ ಕಾಲೇ? ಮಜ್ಜಿಗೆ ಕಡೆಗೋಲೇ? ಅಲ್ಲ ಸ್ವಾಮಿ, ಯೋಯೋ!

ತಪ್ಪು ನನ್ನದೇ. ನಾನು ಚಿಕ್ಕವಳಿದ್ದಾಗ ಪಾಲಕೋಡಿನ ಹತ್ತಿರದ ನಮ್ಮ ಹಳ್ಳಿಯಿಂದ ರಜೆಗೆ ಮಾಮನ ಮನೆಗೆ ಹೋದವಳು, ಕಲರ್ ಸೋಡಾ ಬಾಟಲಿಯ ಮುಚ್ಚಳಗಳನ್ನು ಕೊಟ್ಟು ಪಡೆದ ದಾರದಲ್ಲಿ ಇಳಿದು ಏರುವ ಪ್ಲಾಸ್ಟಿಕ್ ಯೋಯೋ ಒಂದನ್ನು ಆಡುತ್ತಿದ್ದೆ. ಮಾಮ ಅದನ್ನು ಕಿತ್ತುಕೊಂಡು, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ, ರೋಗಿಯ ಎದೆಗೆ ಕಿವಿಗೊಟ್ಟ ಡಾಕ್ಟರರ ಹಾಗೆ ಮುಖ ಸಣ್ಣಗೆ ಮಾಡಿದರು. "ಬ್ಯಾಲೆನ್ಸೇ ಇಲ್ವಲ್ಲೇ ಇದುಕ್ಕೆ!" ಎಂದು ಚಾಕುವಿನಿಂದ ಎರಡು ಹೋಳು ಮಾಡಿದರು. ಮರುದಿನ ನನಗೆ ಹುಣಸೆ ಮರದ ಯೋಯೋ ಸಿಕ್ಕಿತು. ಪ್ಲಾಸ್ಟಿಕ್ಕಿನದು ಮತ್ತೆಂದೂ ಒಂದಾಗಲಿಲ್ಲ.

ಅಲ್ಲಿಂದ ಶುರುವಾಯಿತು. ಅಳತೆ ತೆಗೆಯದೆ ಮಾಮ ಯಾರಿಗೂ ಯೋಯೋ ಮಾಡುತ್ತಿರಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ ನೆಲದಿಂದ ಹೊಕ್ಕುಳವರೆಗೆ ಟೇಪು ಹಿಡಿಯುತ್ತಿದ್ದರು, ಅದು ದಾರದ ಉದ್ದ. ಆಮೇಲೆ ಅಂಗೈ ಅಗಲ, ನಡುಬೆರಳ ದಪ್ಪ. "ಚಪ್ಪಲಿ ತಕ್ಕಣಾಕೆ ಅಳತೆ ನೋಡ್ತೀರಾ, ಇದುಕ್ಕೆ ಬ್ಯಾಡ್ವಾ?" ಎಂದು ಕೇಳಿದರೆ ಬಂದವರು ತಾವಾಗಿ ಅಂಗೈ ಚಾಚುತ್ತಿದ್ದರು. ಪಕ್ಕದ ಮನೆಯವರು ಬೆಳ್ಳಿ ಕಾಲ್ಗೆಜ್ಜೆ ಮಾಡುವವರು. ಅವರ ತಕ್ಕಡಿಯಲ್ಲಿ ಎರಡೂ ಹೋಳುಗಳನ್ನು ತೂಗಿ, ಸಾಸಿವೆಯಷ್ಟು ವ್ಯತ್ಯಾಸ ಬಂದರೂ ಎರಡನ್ನೂ ಬಚ್ಚಲ ಒಲೆಗೆ ಹಾಕುತ್ತಿದ್ದರು. ಪೋಸ್ಟ್‌ಮ್ಯಾನಿಗೆ ಒಂದು, ಗ್ಯಾಸ್ ತರುವವನಿಗೆ ಒಂದು. ಒಂದನ್ನೂ ಮಾರಿದವರಲ್ಲ. ಮದುವೆಗೆ ಹೋದರೆ ಮುಯ್ಯಿಯ ಜೊತೆಗೆ ಮದುಮಗನಿಗೊಂದು ಯೋಯೋ. ಮದುಮಗಳು ಯಾವ ಮುಖ ಮಾಡುತ್ತಿದ್ದಳು ಎಂದು ನೀವೇ ಊಹಿಸಿಕೊಳ್ಳಿ.

ಇಷ್ಟು ಜನರಲ್ಲಿ ಒಂದನ್ನೂ ಒಪ್ಪಿಕೊಳ್ಳದವರು ನಮ್ಮ ಅತ್ತೆ, ಮಾಮನ ಹೆಂಡತಿ. ಮಕ್ಕಳಿಲ್ಲದ ಮನೆ. ಆ ಲೇತನ್ನು ಅತ್ತೆ "ನನ್ ಸವ್ತಿ" ಎನ್ನುತ್ತಿದ್ದರು. ಯೋಯೋವನ್ನಂತೂ ಬೇಕೆಂದೇ ಬುಗುರಿ ಎನ್ನುತ್ತಿದ್ದರು.

"ಬುಗುರಿ ಅಲ್ಲ ಕಣೇ, ಯೋಯೋ."

"ಎಲ್ಲಾ ಒಂದೇ ಬುಡಿ. ನೇಣ್ ಆಕ್ಕಂಡಿರೋ ಬುಗುರಿ!"

ನಾನು ಸೇಲಂನಲ್ಲಿ ಕಾಲೇಜಿಗೆ ಸೇರಿ ಅವರ ಮನೆಯಲ್ಲೇ ಇದ್ದಾಗ ಒಂದು ದಿನ ಅತ್ತೆಯ ಲಟ್ಟಣಿಗೆ ಕಾಣೆಯಾಯಿತು. ಅದು ಬೀಟೆ ಮರದ್ದು, ಅವರ ತವರಿನಿಂದ ಬಂದದ್ದು. ಮೂರು ದಿನ ಮನೆಯೆಲ್ಲ ಹುಡುಕಿದೆವು. ನಾಲ್ಕನೆಯ ದಿನ ಗ್ಯಾಸ್ ತರುವವನು ಬಾಗಿಲಲ್ಲಿ ನಿಂತು ಆಡುತ್ತಿದ್ದ ಯೋಯೋದಲ್ಲಿ ಅತ್ತೆ ತನ್ನ ಲಟ್ಟಣಿಗೆಯ ಗೆರೆಗಳನ್ನು ಗುರುತು ಹಿಡಿದರು. ಆ ತಿಂಗಳೆಲ್ಲ ನಮ್ಮ ಮನೆಯಲ್ಲಿ ಚಪಾತಿಯನ್ನು ಅತ್ತೆ ಎಣ್ಣೆಯ ಬಾಟಲಿಯಿಂದ ಒತ್ತಿದರು, ಮಾಮನ ಪಾಲಿನವನ್ನು ಒತ್ತಲೇ ಇಲ್ಲ.

ಹರೂರಿನಲ್ಲಿ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡಾಗ ಆದದ್ದು ಇನ್ನೂ ದೊಡ್ಡ ಅವಮಾನ. ಹೆಣ ಅಂಗಳದಲ್ಲಿ. ಮಗ ಬರಲಿ ಎಂದು ಎಲ್ಲರೂ ಕಾಯುತ್ತಿದ್ದರು. ಮಾಮ ಜಗಲಿಯ ಮೇಲೆ ಕೂತವರು ಜೇಬಿಗೆ ಕೈ ಹಾಕಿದರು. ಅತ್ತೆ ಹೆಂಗಸರ ಮಧ್ಯದಿಂದಲೇ ಕೆಕ್ಕರಿಸಿ ನೋಡಿದರು. ತಡವಾಗಿತ್ತು! ಯೋಯೋ ಸೊಯ್ ಎಂದು ಇಳಿಯಿತು, ಸೊಯ್ ಎಂದು ಏರಿತು. ಅಳುವವರು ಅಳು ನಿಲ್ಲಿಸಿದರು. ನಾನು ಓಡಿಹೋಗಿ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಚಟ್ಟ ಹೊರಲು ಬಂದಿದ್ದ ನಾಲ್ವರಲ್ಲಿ ಇಬ್ಬರು ಮಾಮನ ಮುಂದೆ ಕೈ ಚಾಚಿ ನಿಂತಿದ್ದರು. "ಎನ್ನ ಮರಂ ಸಾರ್ ಇದು?" ಯಾವ ಮರ ಎಂದು ವಿಚಾರಣೆ! ಸತ್ತವನನ್ನು ಯಾರೂ ಕೇಳುವವರಿಲ್ಲ.

ಇವೆಲ್ಲ ನನ್ನ ಕಾಲೇಜಿನ ದಿನಗಳ ಮಾತು. ತೊಂಬತ್ತರ ದಶಕದ ಮೊದಲ ವರ್ಷಗಳು. ಎರಡನೇ ವರ್ಷದ ಒಂದು ಸಂಜೆ ಕಾಲೇಜಿನಿಂದ ಬಂದಾಗ ಮುಂಬಾಗಿಲು ತೆರೆದಿತ್ತು. ಹಿತ್ತಲಿನಿಂದ ಲೇತಿನ ಸದ್ದು ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಚೆಲ್ಲಿದ ಹಾಲು ಸೆರಗಿನ ಮೇಲೆ ಒಣಗಿ ಗಟ್ಟಿಯಾಗಿತ್ತು. ಹಾಲು ಒಣಗಲು ಎಷ್ಟು ಹೊತ್ತು ಬೇಕು? ನಾನು ಆಮೇಲೆ ಎಷ್ಟೋ ದಿನ ಇದನ್ನೇ ಲೆಕ್ಕ ಹಾಕಿದ್ದೇನೆ.

ಆಸ್ಪತ್ರೆಯಲ್ಲಿ ಡಾಕ್ಟರರು ಪಾರ್ಶ್ವವಾಯು ಎಂದರು. ಸ್ವಲ್ಪ ಮುಂಚೆ ತಂದಿದ್ದರೆ ಚೆನ್ನಾಗಿತ್ತು ಎಂದರು. ಮಾಮ ಗೋಡೆಗೆ ಆತು ನಿಂತಿದ್ದರು, ಹುಬ್ಬಿನ ಮೇಲೆ ಮರದ ಪುಡಿ ಹಾಗೇ ಇತ್ತು.

"ನಿನ್ ಅತ್ತೆ ಕೂಗಿರ್ತಾಳಲ್ವಾ?" ಎಂದು ನನ್ನನ್ನು ಕೇಳಿದರು.

ಹತ್ತೊಂಬತ್ತು ವರ್ಷದವಳಿಗೆ ಎಷ್ಟು ಕರುಣೆ ಇರುತ್ತದೆ? ನಾನು ಅಂದೆ: "ಆ ಲೇತು ನಿಲ್ಸಿದ್ರೆ ತಾನೇ ಮಾಮ ಕೇಳೋದು?"

ಮಾಮ ತಲೆಯಾಡಿಸಿದರು. ಹೌದು ಎಂಬಂತೆ. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆಯನ್ನು ಮನೆಗೆ ತಂದ ದಿನವೇ ಶೆಡ್ಡಿಗೆ ಬೀಗ ಬಿತ್ತು. ಅತ್ತೆಯ ಬಲಗೈ, ಬಲಗಾಲು ಹೋಗಿದ್ದವು. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. ಊರನ್ನೇ ಬಾಯಿಮುಚ್ಚಿಸುತ್ತಿದ್ದ ಹೆಂಗಸಿಗೆ ದೇವರು ಉಳಿಸಿಕೊಟ್ಟ ಮಾತಾದರೂ ಯಾವುದು? "ಆಗೋಯ್ತು"! ಏನು ಕೇಳಿದರೂ ಅದೇ. ನೋಡಲು ಊರಿನಿಂದ ನನ್ನ ದೊಡ್ಡಮ್ಮ ಬಂದಳು, ಮಾಮನಿಗೆ ಅಕ್ಕ. ಮಂಚದ ಪಕ್ಕ ಕೂತು ಕೇಳಿದಳು.

"ಉಂಡ್ಯೇನವ್ವಾ?"

"ಆಗೋಯ್ತು."

"ಮಾತ್ರೆ ನುಂಗಿದ್ಯಾ?"

"ಆಗೋಯ್ತು."

"ಯಾವನೇ ಏಳಿದ್ದು ಇವಳ್ಗೆ ಮಾತು ಬರಾಕಿಲ್ಲ ಅಂತ? ಸೆಂದಾಗಿ ಮಾತಾಡ್ತಾವ್ಳೆ!" ಎಂದು ನನ್ನನ್ನು ಗದರಿಸಿ, ದೊಡ್ಡಮ್ಮ ಮುಂದುವರಿಸಿದಳು: "ಎಲ್ಲವ್ವಾ ನಿನ್ ಗಂಡ? ಕಾಣ್ನೇ ಇಲ್ಲ?"

ಅತ್ತೆ ಕಣ್ಣಲ್ಲಿ ನೀರು ತುಂಬಿ ಹೇಳಿದರು: "ಆಗೋಯ್ತು."

"ಅಯ್ಯೋ ನನ್ ತಮ್ಮಾ! ನಂಗೊಂದು ತಂತಿನೂ ಕೊಡ್ಲಿಲ್ವಲ್ರೋ!" ದೊಡ್ಡಮ್ಮ ಎದೆ ಬಡಿದುಕೊಂಡ ಸದ್ದಿಗೆ ಮಾಮ ಗಂಜಿ ಬಟ್ಟಲು ಹಿಡಿದು ಅಡುಗೆಮನೆಯಿಂದ ಹೊರಬಂದರು. ತಮ್ಮನನ್ನು ಕಂಡ ದೊಡ್ಡಮ್ಮ ಇನ್ನೂ ಜೋರಾಗಿ ಕಿರುಚಿದಳು. ಅಂದು ನಾನು ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮಾಮ ಕೆಲಸ ಬಿಟ್ಟು ಅತ್ತೆಯ ಸೇವೆಗೆ ನಿಂತರು. ಟರ್ನರ್ ಕೈಯಲ್ಲವೇ! ಹೆಂಡತಿಯ ಜಡೆಯ ಮೂರು ಎಳೆಗಳೂ ಒಂದೇ ದಪ್ಪ ಬರುವವರೆಗೆ ಬಿಚ್ಚಿ ಬಿಚ್ಚಿ ಹೆಣೆಯುತ್ತಿದ್ದರು. ಅತ್ತೆಯ ತಲೆ ನೋಯುತ್ತಿತ್ತು, ಹೇಳಲು ಮಾತಿರಲಿಲ್ಲ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ಬಲಗೈ ಮುಷ್ಟಿ ಬಿಗಿದುಕೊಳ್ಳುತ್ತಿದೆ, ಉಗುರು ಅಂಗೈಗೆ ನಾಟುತ್ತಿದೆ, ಏನಾದರೂ ಗುಂಡಗಿನದು ಹಿಡಿಸಿ ಎಂದಳು. ರಬ್ಬರ್ ಚೆಂಡು ತಂದೆವು. ಅದು ಜಾರಿ ಜಾರಿ ಮಂಚದಡಿಗೆ ಉರುಳುತ್ತಿತ್ತು. ನಾಲ್ಕನೆಯ ಸಲ ಎತ್ತಿಕೊಟ್ಟಾಗ ಅತ್ತೆ ಎಡಗೈಯಲ್ಲಿ ಅದನ್ನು ಕಿತ್ತುಕೊಂಡು ಮಾಮನ ಮೂಗಿಗೆ ಸರಿಯಾಗಿ ಎಸೆದರು. ಗುರಿ ಚೆನ್ನಾಗಿತ್ತು. ಅಂಗೈಯಲ್ಲಿ ಮಾತ್ರ ನಾಲ್ಕು ಉಗುರಿನ ಗಾಯ ಕೀವಾಗುತ್ತಿತ್ತು.

ಮರುದಿನ ಮಾಮ ಅತ್ತೆಯ ಮುಷ್ಟಿಯನ್ನು ಬೆಚ್ಚನೆಯ ನೀರಿನಲ್ಲಿ ಸಡಿಲಿಸಿ ಒಳಗಿನ ಅಳತೆ ತೆಗೆದುಕೊಂಡರು. ಶೆಡ್ಡಿನ ಬೀಗ ತೆಗೆದರು. ಆದರೆ ಸದ್ದು ಬರಲಿಲ್ಲ. ಹೋಗಿ ನೋಡಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದರು.

"ಇದು ಆಕಿದ್ರೆ ಅವಳು ಕರುದ್ರೆ ಕೇಳಾಕಿಲ್ವಲ್ಲೇ."

"ನಾನು ಅತ್ತೆ ಪಕ್ಕ ಇರ್ತೀನಿ ಮಾಮ."

"ನೀನು ಕಾಲೇಜ್ಗೆ ಓದಾಗ?" ಸ್ವಿಚ್ಚಿನಿಂದ ಬೆರಳು ತೆಗೆದು ಅಂದರು: "ಅವತ್ತು ನೀ ಏಳಿದ್ದು ಸರಿಯಾಗೇ ಐತೆ. ನನ್ ತಲೇಲಿ ಅದೇ ಕೂತ್ಕಂಡೈತೆ."

ನಾನು ಅಂದು ಹಾಗೆ ಹೇಳಬಾರದಿತ್ತು ಎಂದು ಆಗ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಮಾಮ ನೂಲನ್ನು ಹುರಿಮಾಡಿ ಉದ್ದದ ದಾರ ಮಾಡಿದರು. ಒಂದು ತುದಿ ಅತ್ತೆಯ ಎಡಗೈಗೆ. ದಾರ ಕಿಟಕಿಯಿಂದ ಹೊರಟು, ಲೇತಿಗೆ ಸಿಕ್ಕದ ಹಾಗೆ ಗೋಡೆಯ ಬುಡದಲ್ಲಿ ಹಾದು, ಶೆಡ್ಡಿಗೆ ಬಂದು, ಮಾಮನ ಎಡಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಿತು. ಎಳೆದರೆ ಲೇತು ನಿಲ್ಲಿಸಿ ಬರುವುದು. ಅತ್ತೆಗೆ ಉಪಾಯ ಅರ್ಥವಾಗಲು ಅರ್ಧ ದಿನ ಹಿಡಿಯಿತು. ಅರ್ಥವಾದ ಮೇಲೆ ಕೇಳಬೇಕೇ! ಎಳೆದರು. ಮಾಮ ಓಡಿಬಂದರು. "ಏನೇ? ನೀರಾ?" ಅತ್ತೆ ಏನೂ ಬೇಡದವರ ಹಾಗೆ ನೋಡಿದರು. ಮಾಮ ಹೋದರು. ಮತ್ತೆ ಎಳೆದರು. ಒಂದು ಗಂಟೆಯಲ್ಲಿ ಹದಿನೈದು ಸಲ. ಪಕ್ಕದ ಮನೆಯ ಗೆಜ್ಜೆ ಕೆಲಸದವರು ಗೋಡೆಯಾಚೆಯಿಂದ ಇಣುಕಿ, "ಈಗ ಯೋಯೋ ಆಡ್ತಿರೋದು ಯಾರಪ್ಪಾ?" ಎಂದರು. ಅತ್ತೆಯ ಬಾಯಿ ಸೊಟ್ಟಗಾಗಿದ್ದರೂ ಅದು ನಗು ಎಂದು ನನಗೆ ಗೊತ್ತಾಯಿತು. ಬಿದ್ದ ಮೇಲೆ ಮೊದಲ ಸಲ.

ಆರು ಯೋಯೋ ಒಲೆಗೆ ಹೋದವು. ಏಳನೆಯದು ಅತ್ತೆಯ ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಹಗುರವಾದ ಹಾಲೆ ಮರದ್ದು. ಅಂಚೆಲ್ಲ ಮೊಟ್ಟೆಯಂತೆ ನಯ. ಜಾರಿದರೆ ನೆಲಕ್ಕೆ ಬೀಳದ ಹಾಗೆ ಬಲ ಮಣಿಕಟ್ಟಿಗೆ ದಾರ. ಉಗುರು ಅಂಗೈಗೆ ತಾಗುವುದು ನಿಂತಿತು. ಗಾಯಗಳು ಒಣಗಿದವು.

ಅತ್ತೆ ಮತ್ತೆ ಎಂಟು ತಿಂಗಳು ಇದ್ದರು. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಮಾಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಹೆಬ್ಬೆರಳಿನಲ್ಲಿ ದಾರ ಹಾಗೇ ಇತ್ತು.

"ಇವತ್ತು ಒಂದ್ ಕಿತಾನೂ ಎಳೀಲಿಲ್ಲ ಕಣೇ," ಎಂದರು. "ಮಲ್ಗವ್ಳೆ ಅಂದ್ಕಂಡೆ. ನಿಮ್ಮತ್ತೆ ಮಲ್ಗವ್ಳೆ ಅಂತ ನಾನು ಕೆಲ್ಸ ಮಾಡ್ತಾ ಇದ್ದೆ."

ನಾನು ಕೂತು ಅವರ ಕಾಲಿನ ಗಂಟು ಬಿಚ್ಚಿದೆ. ಬಿಗಿದು ಬಿಗಿದು ಹೆಬ್ಬೆರಳಿನ ಸುತ್ತ ಕಪ್ಪು ಬರೆ ಬಿದ್ದಿತ್ತು.

ಊರಿನಿಂದ ಎಲ್ಲರೂ ಬಂದರು. ಹೆಂಗಸರು ಅತ್ತೆಗೆ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿದರು. ಬಲಮುಷ್ಟಿಯಲ್ಲಿ ಯೋಯೋ ಹಾಗೇ ಇತ್ತು, ಬೆರಳುಗಳು ಬಿಗಿದಿದ್ದವು. "ಓಗೋಳ ಕೈಲಿ ಆಟದ ಸಾಮಾನು ಇರಬಾರ್ದು, ತಗೀರೇ," ಎಂದು ದೊಡ್ಡಮ್ಮ ಒಂದೊಂದೇ ಬೆರಳು ಬಿಡಿಸತೊಡಗಿದಳು. ಬರಲಿಲ್ಲ. ಬಿಸಿನೀರು ತನ್ನಿ ಎಂದು ಯಾರೋ ಅಂದರು.

ಬಾಗಿಲಲ್ಲಿ ನಿಂತಿದ್ದ ಮಾಮ ಹೇಳಿದರು:

"ಬುಡಕ್ಕಾ. ಅದು ಅವಳ ಕೈ ಅಳತೆಗೆ ಮಾಡಿದ್ದು. ಇನ್ಯಾರ್ಗೂ ಆಗಾಕಿಲ್ಲ."

ಹೆಂಗಸರು ಸರಿದು ದಾರಿ ಬಿಟ್ಟರು. ಮಾಮ ಬಂದು ಕೂತು, ಸ್ನಾನದಲ್ಲಿ ಜಾರಿದ್ದ ದಾರವನ್ನು ಅತ್ತೆಯ ಮಣಿಕಟ್ಟಿಗೆ ಮತ್ತೆ ಸುತ್ತಿದರು. ಸುತ್ತಿ ನೋಡಿ, ಬಿಗಿಯಾಯಿತೇನೋ ಎಂದು, ಒಂದು ಸುತ್ತು ಸಡಿಲ ಮಾಡಿದರು.