ನಾನು ಬಂದ್ ಮಾಡಿಸಿದ ಶಬ್ದ

ನನ್ನ ಮೈದುನನ ಬಲಗಣ್ಣು ಹೋದದ್ದು ವಯಸ್ಸಿನಿಂದಲ್ಲ, ಹಣೆಬರಹದಿಂದಲ್ಲ, ಓಣಿಯವರು ಹೇಳುವಂತೆ ಯಾರದೋ ದೃಷ್ಟಿ ತಾಗಿಯೂ ಅಲ್ಲ. ನನ್ನಿಂದ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ನಗುವಷ್ಟು ನಕ್ಕುಬಿಡಿ, ಯಾಕೆಂದರೆ ಅವನ ಸುದ್ದಿ ಕೇಳಿ ನಗದವರನ್ನು ನಾನು ಇನ್ನೂ ಕಂಡಿಲ್ಲ.

ನನ್ನ ಮೈದುನನಿಗೆ ಇಂಗ್ಲಿಷ್ ಬರುತ್ತಿತ್ತು. ಒಂದೇ ಒಂದು ಶಬ್ದ! ಡಿಮ್. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಅವನು ಎರಡಕ್ಕೇ ಬಿಟ್ಟವನು. ಆದರೂ ಆ ಒಂದು ಶಬ್ದದ ಮೇಲೆ ಅವನು ಮೂವತ್ತು ವರ್ಷ ದರ್ಬಾರು ಮಾಡಿದ.

ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಹಂಗಾಮು ಶುರುವಾದರೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ನಮ್ಮ ಮಮದಾಪುರದಿಂದ ಮೂಡಲಗಿ ಕಡೆಯ ಕಾರ್ಖಾನೆಗೆ ಹೋಗುವನು. ಸಂಜೆಯಾದ ಮೇಲೆ ಎದುರಿನ ಗಾಡಿಯವರು ದೀಪ ತಗ್ಗಿಸಬೇಕಲ್ಲ, ಅದು ಡಿಮ್. ತಗ್ಗಿಸದೆ ಬಂದರೋ, ಇವನು ರಸ್ತೆಯ ನಡುವೆ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು ಹೋಗಿ, ಕಾರಿನ ಗಾಜು ಬಡಿಯುವನು. "ಏನ್ರೀ ಸಾವ್ಕಾರ್ರ, ರಸ್ತೆ ನಿಮ್ಮಪ್ಪಂದೇನು? ಡಿಮ್ ಮಾಡ್ರಿ!"

ಒಂದು ಸಲ ಆ ಗಾಜಿನ ಒಳಗೆ ಫೌಜದಾರ ಕೂತಿದ್ದ. ಅವನು ಡಿಮ್ ಮಾಡಿದನೋ ಇಲ್ಲವೋ ತಿಳಿಯದು. ನಮ್ಮ ಟ್ರ್ಯಾಕ್ಟರ್ ಮಾತ್ರ ಎರಡು ದಿನ ಸ್ಟೇಷನ್ನಿನ ಮುಂದೆ ಡಿಮ್ ಆಗಿ ನಿಂತಿತ್ತು.

ಆ ಶಬ್ದ ರಸ್ತೆಯಲ್ಲೇ ಇದ್ದಿದ್ದರೆ ನನಗೇನಾಗುತ್ತಿತ್ತು? ಮನೆಯೊಳಗೆ ಬಂತು! ಹಾಲು ಕಡಿಮೆಯಾದರೆ ಅತ್ತಿಗೆಯಾದ ನನಗೆ "ವೈನಿ, ಚಾ ಡಿಮ್ ಐತಿ." ಜ್ವರ ಇಳಿದರೆ "ಈಗ ಡಿಮ್ ಆಗೇತ್ರಿ." ಸಂತೆಗೆ ಹೋಗಿ ಬಂದರೆ "ಮೂಡಲಗಿ ಸಂತಿ ಇವತ್ತ ಭಾಳ ಡಿಮ್." ಒಮ್ಮೆ ಒಂದು ಸಾವಿಗೆ ಹೋಗಿ ಬಂದ. ಹೇಗಿದ್ದರೋ ಮನೆಯವರು ಎಂದು ಕೇಳಿದರೆ, ಟಾವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳುತ್ತಾನೆ, "ಮಂದಿ ಭಾಳ ಇತ್ತ್ರಿ ವೈನಿ, ಅಳೂದ ಸ್ವಲ್ಪ ಡಿಮ್ ಇತ್ತು."

ನನ್ನ ಮೊಮ್ಮಗಳು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಬಂದಾಗ ಮೊಬೈಲಿನಲ್ಲಿ ಆ ಶಬ್ದ ಹುಡುಕಿ ಓದಿ ಹೇಳಿದಳು. "ಸಣ್ಣಮುತ್ಯಾ, ಇದು ಬರೇ ದೀಪಕ್ಕ ಅಲ್ಲ. ಇಂಗ್ಲಿಷಿನ್ಯಾಗ ನೆನಪಿಗೂ ಅಂತಾರ, ಆಸೆಗೂ ಅಂತಾರ, ಕಣ್ಣಿಗೂ ಅಂತಾರ. ದಡ್ಡರಿಗೂ ಅಂತಾರ."

ಇವನು ಹಿಗ್ಗಿದ್ದೇ ಹಿಗ್ಗಿದ್ದು. "ನೋಡ್ರಿ ವೈನಿ! ಅವ್ರೂ ನನ್ನಂಗ. ಒಂದ ಶಬ್ದದಾಗ ಸಂಸಾರ ನಡಿಸ್ಯಾರ!"

"ಅವ್ರ ಹಂತೇಕ ಬ್ಯಾರೆ ಶಬ್ದಾನೂ ಅದಾವೊ. ನಿನ್ನ ಹಂತೇಕ ಏನೈತಿ?" ಎಂದೆ. ಎಲ್ಲರೂ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

ಇನ್ನು ಹುಕ್ಕೇರಿಯ ಮಾತು. ನನ್ನ ಯಜಮಾನರು ಹೋದ ಮೇಲೆ ಮನೆಯ ಹಿರಿತನ ನನ್ನದು. ಕಿರಿಯ ಮಗನಿಗೆ ಹೆಣ್ಣು ನೋಡಲು ಹುಕ್ಕೇರಿಗೆ ಹೋದೆವು. ಹುಡುಗಿ ಚೆನ್ನಾಗಿದ್ದಳು. ಉಪ್ಪಿಟ್ಟೂ ಚೆನ್ನಾಗಿತ್ತು. ಮದುವೆ ಯಾರ ಊರಲ್ಲಿ ಎಂಬಲ್ಲಿ ಮಾತು ಸಿಕ್ಕಿಕೊಂಡಿತು. ಹುಡುಗಿಯ ಅಜ್ಜಿ ನಮ್ಮೂರಲ್ಲೇ ಎಂದಳು. ನಾನು ನಮ್ಮೂರಲ್ಲೇ ಎಂದೆ. ಅವಳು ಜಮಖಾನೆಯ ಮೇಲಿಂದ ಎದ್ದಳು. ನಾನು ಬಿಡುತ್ತೇನೆಯೇ? ನಾನೂ ಎದ್ದೆ. ಆಗ ನನ್ನ ಮೈದುನ ನಮ್ಮಿಬ್ಬರ ನಡುವೆ ಬಂದು, ಪೊಲೀಸನಂತೆ ಕೈ ಎತ್ತಿ ನಿಂತ.

"ವೈನಿ, ಡಿಮ್ ಮಾಡ್ರಿ! ಎದುರ ಗಾಡಿ ಬರಾಕತ್ತೇತಿ. ನೀವ ಮೊದಲ ಮಾಡ್ರಿ, ಅವ್ರೂ ಮಾಡ್ತಾರ. ಮೊದಲ ಮಾಡಿದವ್ರ ಸಣ್ಣಾವ್ರ ಆಗೂದಿಲ್ಲ."

ಬಾಗಿಲ ಹಿಂದೆ ಹುಡುಗಿ ಕಿಲಕಿಲ ನಕ್ಕಳು. ಅಜ್ಜಿ ನಕ್ಕಳು. ಇಡೀ ಪಡಸಾಲೆ ನಕ್ಕಿತು. ಆ ನಗುವಿನಲ್ಲೇ ಸಂಬಂಧ ಕುದುರಿತು ಎಂಬುದು ಖರೆ. ಆ ಹುಡುಗಿ ಈಗ ನನ್ನ ಸೊಸೆ. ಆದರೆ ನಾನು ನಗಲಿಲ್ಲ. ಬೀಗರ ಮನೆಯಲ್ಲಿ ನನ್ನನ್ನು ಲಾರಿ ಮಾಡಿಟ್ಟನಲ್ಲ! ಮನೆಗೆ ಬಂದವಳೇ ಹೊಸ್ತಿಲಲ್ಲಿ ಅವನನ್ನು ನಿಲ್ಲಿಸಿದೆ.

"ಇನ್ನ ಮ್ಯಾಲೆ ಆ ಶಬ್ದಾ ನನ್ನ ಮನ್ಯಾಗ ಬ್ಯಾಡ. ತಿಳೀತ?"

"ಆತ್ರಿ ವೈನಿ."

ಅಷ್ಟೇ. ಎದುರು ಮಾತಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಆರು ವರ್ಷ. ಎರೆದು, ತಲೆ ಬಾಚಿ, ಕಿವಿ ಹಿಂಡಿ ಬೆಳೆಸಿದವಳು ನಾನು. ಮದುವೆ ಬೇಡವೆಂದು ನಮ್ಮಲ್ಲೇ ಉಳಿದ. ನಾನು ಬೇಡ ಎಂದದ್ದನ್ನು ಅವನು ಯಾವತ್ತೂ ಮಾಡಿದವನಲ್ಲ.

ಮೊದಮೊದಲು ಮಜಾ ಇತ್ತು. ಚಾದ ಬಸಿ ಕೈಯಲ್ಲಿ ಹಿಡಿದು "ವೈನಿ, ಚಾ..." ಎನ್ನುವನು, ತಡೆಯುವನು, ಸುಮ್ಮನೆ ಕುಡಿಯುವನು. ಸೊಸೆ ಸೆರಗು ಬಾಯಿಗಿಟ್ಟು ಅಡಿಗೆ ಮನೆಗೆ ಓಡುವಳು. ಆಮೇಲೆ ಅದೂ ನಿಂತಿತು. ಮನೆ ತಣ್ಣಗಾಯಿತು ಎಂದು ನಾನು ಹಿಗ್ಗಿದೆ.

ಆ ವರ್ಷ ಅವನು ಪಡಸಾಲೆಯ ಕಂಬಕ್ಕೆ ಎರಡು ಸಲ ಹಾಯ್ದ. ಮೂವತ್ತು ವರ್ಷ ಗಾಡಿ ಹೊಡೆದವನು ಮನೆಯಲ್ಲಿ ಆ್ಯಕ್ಸಿಡೆಂಟ್ ಮಾಡಿದ ಎಂದು ನಾವು ನಕ್ಕೆವು. ಬಾಜೂದಲ್ಲಿ, ಕಾಲ ಪಕ್ಕದಲ್ಲೇ ಇಟ್ಟ ನೀರಿನ ಕೊಡ ಒದ್ದ. ನಕ್ಕೆವು. ಮರುವರ್ಷ ಹಂಗಾಮು ಶುರುವಾಗುವ ದಿನ ಟ್ರ್ಯಾಕ್ಟರಿನ ಕೀಲಿ ತಂದು ನನ್ನ ಮುಂದಿಟ್ಟ.

"ಇನ್ನ ನಾ ಓಡಸೂದಿಲ್ರಿ ವೈನಿ."

"ಯಾಕ?"

"ಯಾಕಂದ್ರ..." ಎಂದ. ಬಾಯಿ ತೆರೆದ, ಮುಚ್ಚಿದ. ನನ್ನ ಮುಖ ನೋಡಿದ.

"ಯಾಕಂದ್ರ ಮೈಗಳ್ಳತನ! ಹಾಸಿಗಿ ಹಾಸಿ ಕೊಡ್ಲೇನು?" ಎಂದೆ, ಹೊಸ ಸೊಸೆಯ ಮುಂದೆ. ಅವನು ಕೀಲಿಯನ್ನು ಗೂಡಿನಲ್ಲಿಟ್ಟು ಹೊರಗೆ ಹೋದ. ಆವತ್ತು ಊಟಕ್ಕೆ ಕರೆಯುವ ತನಕ ಬರಲಿಲ್ಲ.

ಕಳೆದ ತಿಂಗಳು ನನ್ನ ಕಣ್ಣಿನ ಪರೆ ತೋರಿಸಲು ಗೋಕಾಕಕ್ಕೆ ಹೋದೆ. ಜೊತೆಗೆ ಅವನು. ದವಾಖಾನೆಯ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು ಹತ್ತಿಸಬೇಕಾದವನು ತಾನೇ ಎಡವಿದ. ನನ್ನನ್ನು ನೋಡಿದ ಮೇಲೆ ಡಾಕ್ಟರ್ ಬಾಯಿಯವರು, "ಅಜ್ಜಾ, ನೀವೂ ಬರ್ರಿ" ಎಂದು ಅವನನ್ನು ಕೂರಿಸಿದರು. ನನ್ನದು ಐದು ನಿಮಿಷದಲ್ಲಿ ಮುಗಿದಿತ್ತು. ಅವನದು ಮುಗಿಯಲೇ ಇಲ್ಲ. ಒಂದು ಯಂತ್ರ, ಮತ್ತೊಂದು ಯಂತ್ರ, ಹನಿ, ಮತ್ತೆ ಯಂತ್ರ.

ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ ಎಂದರು. ಬಲಗಣ್ಣು ತಿರುಗಿ ಬರುವುದಿಲ್ಲ. ಎಡಗಣ್ಣಿನಲ್ಲಿ ಉಳಿದಷ್ಟನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು. ಮೊದಲೇ ಬಂದಿದ್ದರೆ ಎರಡನ್ನೂ ಉಳಿಸಬಹುದಿತ್ತು.

"ಎಷ್ಟ ದಿನದಿಂದ ಹಿಂಗ, ಅಜ್ಜಾ?"

"ಎರಡ ಹಂಗಾಮ ಆತ್ರಿ."

"ಮನ್ಯಾಗ ಯಾಕ ಹೇಳ್ಲಿಲ್ಲ?"

ಅವನು ನನ್ನ ಕಡೆ ತಿರುಗಿದ. ನನ್ನ ಕಡೆ ಎಂದು ತಿಳಿದು, ನನ್ನ ಬಾಜೂದ ಖಾಲಿ ಕುರ್ಚಿಯ ಕಡೆ ತಿರುಗಿದ. "ಹೇಳಾಕ ಒಂದ ಶಬ್ದಾ ಇತ್ತ್ರಿ. ಅದು ಮನ್ಯಾಗ ಬ್ಯಾಡ ಅಂದಾರ ನಮ್ಮ ವೈನಿ."

ಚೇಷ್ಟೆ ಎಂದು ತಿಳಿದು ಡಾಕ್ಟರ್ ಬಾಯಿಯವರು ನಕ್ಕರು. ಅವರದೇನು ತಪ್ಪು? ನಾವೂ ಹಾಗೇ ನಕ್ಕವರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಲ್ಲೋ, ಕಣ್ಣ ಕಾಣವಲ್ದು ಅಂತರೆ ಅನಬೇಕಿಲ್ಲೊ? ಅದಕ್ಕ ಇಂಗ್ಲಿಷ್ ಬೇಕೇನು?"

"ಕಾಣಾಕತ್ತಿತ್ತಲ್ರಿ ವೈನಿ," ಎಂದ. "ಕಾಣವಲ್ದು ಅಂದ್ರ ಸುಳ್ಳ ಆಕ್ಕಿತ್ತು."

ನನ್ನ ಬಾಯಿಗೆ ಹೆದರದವರು ನಮ್ಮೂರಲ್ಲಿ ಯಾರೂ ಇಲ್ಲ. ಮಮದಾಪುರ ಬರುವ ತನಕ ಆ ಬಾಯಿಗೆ ಸೆರಗು ಒತ್ತಿಕೊಂಡೇ ಬಂದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ, ಏನು ಕಾಣುತ್ತಿತ್ತೋ.

ಮರುದಿನ ಮುಂಜಾನೆ ಎದ್ದೆ. ಕೈ ತೊಳೆದುಕೊಂಡು, ಹನಿಯ ಬಾಟಲಿ ಹಿಡಿದು, ಕಟ್ಟೆಯ ಮೇಲೆ ಅವನನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಮೊದಲ ಹನಿ ಮೀಸೆಗೆ ಬಿತ್ತು. ಎರಡನೆಯದು ಕಿವಿಗೆ. ಮೂರನೆಯದು ಕಣ್ಣಿಗೆ.

"ಈಗ ಹೇಳು," ಎಂದೆ. "ಎರಡ ಹಂಗಾಮದ್ದೂ ಹೇಳು. ನಿನ್ನ ಶಬ್ದದಾಗ ಹೇಳು."

ಅವನು ಟಾವೆಲಿನಿಂದ ಮೀಸೆ, ಕಿವಿ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಮೊದಲ ಬಾಜೂದ್ದು ಡಿಮ್ ಆತ್ರಿ ವೈನಿ," ಎಂದು ಶುರು ಮಾಡಿದ. ಹೊತ್ತು ಏರಿತು. ಹಿಂಡದ ಎಮ್ಮೆ ಹಿತ್ತಲಲ್ಲಿ ಒದರತೊಡಗಿತು. ಒದರಲಿ ಎಂದು ಬಿಟ್ಟು, ಅವನು ಹೇಳಿ ಮುಗಿಸುವ ತನಕ ಅಲ್ಲೇ ಕೂತು ಕೇಳಿದೆ.