ಅರ್ಧ ಗಡ್ಡದ ಅಹವಾಲು

ಅತ್ತೆ: ಕೇಳಿಸ್ತಾ ಸ್ವಾಮಿ? ದುಡ್ಡಿಲ್ಲದೆ ಕೇಂದ್ರ ಮುಚ್ಚಿ ಹೋಗ್ತಿದೆ!

ಸಂಸದ: (ಕುರ್ಚಿಯಿಂದ ಅರ್ಧ ಎದ್ದು) ಅಯ್ಯಯ್ಯೋ! ಕೇಂದ್ರ ಬಿತ್ತಾ? ಬೆಳಿಗ್ಗೆ ಗಟ್ಟಿಯಾಗೇ ಇತ್ತಲ್ಲಮ್ಮಾ! ಯಾರು ಬೆಂಬಲ ವಾಪಸ್ ತಗೊಂಡ್ರು? ಈಗ ನಾನು ಯಾವ ಕಡೆ ಇರ್ಬೇಕು?

ಕ್ಷೌರಿಕ: ಸದ್ಯಕ್ಕೆ ಕನ್ನಡಿ ಕಡೆ ಇರಿ ಸಾರ್. ಕತ್ತಿ ಕೈಯಲ್ಲಿದೆ.

ತನ್ನ ಪುಟ್ಟ ಅಂಗಡಿಗೆ ಸಂಸತ್ ಸದಸ್ಯರು ಗಡ್ಡ ಹೆರೆಸಿಕೊಳ್ಳಲು ಬಂದದ್ದೇ ಭಾಗ್ಯವೆಂದು ಕ್ಷೌರಿಕ ಹಿಗ್ಗುತ್ತಿದ್ದಾಗ, ಹೆಂಡತಿಯ ತಾಯಿ ಬಿರುಗಾಳಿಯಂತೆ ನುಗ್ಗಿ ಪಕ್ಕದ ಕುರ್ಚಿ ಹಿಡಿದಿದ್ದರು. ಸಂಸದರ ಬಲಗೆನ್ನೆ ಫಳಫಳ ಹೊಳೆಯುತ್ತಿತ್ತು. ಎಡಗೆನ್ನೆಯಲ್ಲಿ ಇನ್ನೂ ನೊರೆ.

ಅತ್ತೆ: ಆ ಕೇಂದ್ರ ಅಲ್ಲ ಸ್ವಾಮಿ! ಬೀದಿ ಕೊನೇಲಿರೋ ನಮ್ಮ ಸಮುದಾಯ ಕೇಂದ್ರ.

ಸಂಸದ: (ನಿರಾಳವಾಗಿ ಒರಗಿ) ಓ, ಅದಾ! ಮುಚ್ಚಿದ್ರೆ ಮುಚ್ಚಲಿ... ಅಲ್ಲ, ಅಂದ್ರೆ, ತುಂಬಾ ನೋವಿನ ವಿಷಯ.

ಅತ್ತೆ: ಆ ಕೇಂದ್ರ ಕೊಟ್ರೆ ತಾನೇ ಈ ಕೇಂದ್ರ ನಡೆಯೋದು? ಕೊಡೋದ್ರಲ್ಲಿ ಅರ್ಧಕ್ಕೆ ಕತ್ತರಿ ಹಾಕಿದಾರೆ!

ಕ್ಷೌರಿಕ: ಕತ್ತರಿ ನಂದಲ್ಲ ಸಾರ್, ಸತ್ಯವಾಗ್ಲೂ.

ಸಂಸದ: ನೋಡಿಮ್ಮಾ, ಅದು ಕಡಿತ ಅಲ್ಲ. ವೆಚ್ಚದ ಮರುಹೊಂದಾಣಿಕೆ.

ಅತ್ತೆ: ಹಾಗಾದ್ರೆ ಅಳಿಯಂದ್ರೇ, ಕೆಲಸ ಅಲ್ಲಿಗೇ ನಿಲ್ಸಿ. ಯಾರಾದ್ರೂ ಕೇಳಿದ್ರೆ ಅರ್ಧ ಗಡ್ಡ ಅನ್ಬೇಡಿ. ಗಡ್ಡದ ಮರುಹೊಂದಾಣಿಕೆ ಅನ್ನಿ!

ಕ್ಷೌರಿಕ ಗಿರಾಕಿಯನ್ನು ನೋಡಿದ, ಅತ್ತೆಯನ್ನು ನೋಡಿದ. ಗಿರಾಕಿ ಗಡ್ಡ ಮುಗಿದ ಮೇಲೆ ಹೊರಟು ಹೋಗುತ್ತಾರೆ; ಅತ್ತೆ ರಾತ್ರಿ ಊಟಕ್ಕೂ ಎದುರಿಗಿರುತ್ತಾರೆ. ಮೆಲ್ಲಗೆ ಕತ್ತಿ ಮಡಚಿದ.

ಸಂಸದ: ಏಯ್! ಈಗ ಟೀವಿಯವರು ಬರ್ತಾರೆ ಕಣಯ್ಯಾ!

ಅತ್ತೆ: ಬಲಗಡೆಯಿಂದ ತೋರಿಸ್ಲಿ ಬಿಡಿ.

ಸಂಸದ: ಅಲ್ಲಮ್ಮಾ, ಅಲ್ಲಿ ಅಂಥದ್ದೇನಿದೆ? ನಾಲ್ಕು ಜನ ವಯಸ್ಸಾದೋರು ಕೂತು ಹರಟೆ ಹೊಡೀತಾರೆ.

ಅತ್ತೆ: ಸಂಸತ್ತಲ್ಲಿ ನೀವು ಮಾಡೋದೂ ಅದನ್ನೇ, ಸಂಬಳ ಬೇರೆ! ಕೇಳಿ ಇಲ್ಲಿ. ಎದುರುಮನೆ ಅಜ್ಜ ಎರಡು ದಿನ ಕಾಣಲಿಲ್ಲ. ಹೋಗಿ ಬಾಗಿಲು ತಟ್ಟಿದ್ದು, ನಡೆಯೋಕಾಗದೋರನ್ನ ದಿನಾ ಕರ್ಕೊಂಡು ಬರೋ ನಮ್ಮ ಕೇಂದ್ರದ ವ್ಯಾನ್ ಡ್ರೈವರ್ರು. ಅಜ್ಜ ಬಚ್ಚಲಲ್ಲಿ ಬಿದ್ದಿದ್ರು. ಇವತ್ತು ಕೇರಂನಲ್ಲಿ ನನಗೇ ಮೋಸ ಮಾಡೋಷ್ಟು ಗಟ್ಟಿಯಾಗಿದಾರೆ. ವ್ಯಾನ್ ನಿಂತ್ರೆ ಇನ್ಯಾರು ತಟ್ತಾರೆ?

ಕ್ಷೌರಿಕನಿಗೆ ಹಳೆಯದು ನೆನಪಾಯಿತು. ಮಾವ ತೀರಿಕೊಂಡ ಮೇಲೆ ಅತ್ತೆ ಗೋಡೆ ನೋಡುತ್ತ ಕೂತುಬಿಟ್ಟಿದ್ದರು, ಮಾತೇ ಇರಲಿಲ್ಲ. ಆ ನಾಲಿಗೆಗೆ ಮತ್ತೆ ಜೀವ ಬಂದದ್ದು ಕೇಂದ್ರಕ್ಕೆ ಹೋಗತೊಡಗಿದ ಮೇಲೆ. ಸ್ವಲ್ಪ ಜಾಸ್ತಿಯೇ ಬಂದಿತ್ತು, ಆ ಮಾತು ಬೇರೆ. ಅವನು ಧೈರ್ಯಮಾಡಿ ಸಂಸದರ ಕಿವಿಯ ಬಳಿ ಬಗ್ಗಿದ.

ಕ್ಷೌರಿಕ: ಸಾರ್, ಕೇಂದ್ರ ಮುಚ್ಚಿದ್ರೆ ಇವರು ದಿನವಿಡೀ ಈ ಕುರ್ಚೀಲೇ ಇರ್ತಾರೆ. ನೀವು ಮುಂದಿನ ಸಲ ಬಂದಾಗ್ಲೂ.

ಸಂಸದರು ಗಬಕ್ಕನೆ ಫೋನ್ ಎತ್ತಿದರು. ನೊರೆ ಫೋನಿಗೂ ಮೆತ್ತಿತು.

ಸಂಸದ: ಹಲೋ, ಹಣಕಾಸು ಮಂತ್ರಿಗಳಾ? ಸಮುದಾಯ ಕೇಂದ್ರಗಳ ದುಡ್ಡು ಪೂರ್ತಿ ವಾಪಸ್ ಬರ್ಬೇಕು. ಇಲ್ಲಾಂದ್ರೆ ನಾಳೆ ಸದನದಲ್ಲಿ ನಾನೇ ಎದ್ದು ಕೇಳ್ತೀನಿ... ತಮಾಷೆ ಅಲ್ಲ ಸಾರ್, ಕುತ್ತಿಗೆಗೆ ಬಂದಿದೆ!... ಹಾಂ? ನೋಡ್ತೀನಿ ಅಂದ್ರೆ ಆಗಲ್ಲ... ಕೊಡ್ತೀರಾ? ಪೂರ್ತಿ? ಬದುಕಿಸಿದ್ರಿ!

ಕತ್ತಿ ಮತ್ತೆ ಬಿಚ್ಚಿಕೊಂಡಿತು. ಎಡಗೆನ್ನೆಯೂ ಹೊಳೆಯಿತು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಸಂಸದರಿಗೆ ಏನೋ ಹೊಳೆಯಿತು.

ಸಂಸದ: ಅಲ್ಲಮ್ಮಾ, ನಾನು ಇಲ್ಲಿಗೆ ಬರೋ ವಿಷಯ ನನ್ನ ಹೆಂಡ್ತಿ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ನಿಮಗೆ ಹೇಳಿದ್ಯಾರು?

ಅತ್ತೆ: ಹೆಂಡ್ತಿಗೆ ಹೇಳಿದ ಮೇಲೆ ಅವರಮ್ಮನಿಗೆ ಬೇರೆ ಹೇಳ್ಬೇಕಾ? ನಿಮ್ಮತ್ತೇನೂ ನಮ್ಮ ಕೇಂದ್ರಕ್ಕೇ ಬರೋದು ಸ್ವಾಮಿ. ಅರ್ಧಕ್ಕೆ ನಿಲ್ಸೋ ಉಪಾಯಾನೂ ಅವರದ್ದೇ!