ಪೊಲೀಸಿನವನ ಕೆನ್ನೆಗೆ ಮೂರು ಬೆಳಕು

ಸರ್ಕಾರಿ ಪ್ರಯೋಗಾಲಯದಲ್ಲಿ ಬೆಳಕು ಅಳೆಯುವುದು ನನ್ನ ಕೆಲಸವಾಗಿತ್ತು. ಅಲ್ಲಿ ಈಗ ಹೇಳುವಂಥ ಪ್ರಸಂಗಗಳು ವಾರಕ್ಕೊಂದು ನಡೆಯುತ್ತಿದ್ದವು. ಕೇಳಿದವರು ನಗುತ್ತಾರೆ. ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ.

ನೀಲಿಗೆ ನೀಲಿ

ಎಪ್ಪತ್ತರ ದಶಕದ ಕೊನೆ, ತಿರುವನಂತಪುರ. ಎರ್ನಾಕುಲಂನ ಚರ್ಮವೈದ್ಯರೊಬ್ಬರು ಪತ್ರ ಬರೆದರು. ಟ್ರಾಫಿಕ್ ಪೊಲೀಸಿನವನೊಬ್ಬನ ಕೆನ್ನೆಯ ಹುಣ್ಣು ಎರಡು ವರ್ಷದಿಂದ ಮಾಯುತ್ತಿಲ್ಲ. ಮಾಯುವವರೆಗೆ ಡ್ಯೂಟಿಗೆ ಬರಬೇಡ ಎಂದು ಇಲಾಖೆ ಮನೆಗೆ ಕಳಿಸಿದೆ. ಹುಣ್ಣಿಗೆ ನೀಲಿ ಬಣ್ಣ ಹಚ್ಚಿ ಬೆಳಕು ಬಿಟ್ಟರೆ ಕೆಟ್ಟ ಜೀವಕೋಶಗಳು ಸಾಯುತ್ತವೆ. ಯಾವ ಬೆಳಕು ಒಳ್ಳೆಯದು, ಹೋಲಿಸಿ ಹೇಳಿ.

ನಮ್ಮಲ್ಲಿ ಎರಡು ಲೇಸರ್ ಇದ್ದವು. ಕೆಂಪು ಬೆಳಕಿನದು ಕೊಳಲಿನಷ್ಟು. ನೀಲಿ ಬೆಳಕಿನದು ಮಂಚದಷ್ಟು, ಹೊಸದು, ವಿದೇಶದ್ದು. ನಿರ್ದೇಶಕರಿಗೆ ದೊಡ್ಡದೇ ಇಷ್ಟ.

"ನೀಲಿ ಬಣ್ಣ ಕೆಂಪು ಬೆಳಕನ್ನು ಹೀರುತ್ತದೆ. ನೀಲಿ ಬೆಳಕನ್ನು ವಾಪಸು ಎಸೆಯುತ್ತದೆ" ಅಂದೆ.

"ಅದು ಹೇಗೆ? ನೀಲಿಗೆ ನೀಲಿ ಹೊಂದುವುದಿಲ್ಲವೇ?"

"ನಾವು ಸೀರೆಗೆ ರವಿಕೆ ಹುಡುಕುತ್ತಿಲ್ಲ ಸಾರ್."

ಆ ವರ್ಷ ನನ್ನ ಬಡ್ತಿ ನಿಂತಿತು.

ಕಾರಂಜಿ

ನೀಲಿಯನ್ನೇ ಮೊದಲು ಪರೀಕ್ಷಿಸಬೇಕೆಂದು ಆಜ್ಞೆಯಾಯಿತು. ಅದು ಉರಿಯುವಷ್ಟು ಹೊತ್ತೂ ಒಳಗೆ ತಣ್ಣೀರು ಹರಿಯುತ್ತಿರಬೇಕು. ಆ ಪರೀಕ್ಷೆ ನೋಡಲೆಂದೇ ದೆಹಲಿಯಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ನಲ್ಲಿ ತಿರುಗಿಸಿದರೆ ನೀರಿಲ್ಲ. ಹೊರಗೆ ನೋಡಿದೆ. ಅತಿಥಿಯ ಗೌರವಕ್ಕೆ ತೋಟದ ಕಾರಂಜಿ ಬಿಟ್ಟಿದ್ದರು.

"ಅದನ್ನು ನಿಲ್ಲಿಸಿ" ಅಂದೆ.

"ಅವರು ನೋಡುತ್ತಿದ್ದಾರಲ್ಲ" ಅಂದರು ನಿರ್ದೇಶಕರು.

ಅತಿಥಿ ಕಾರಂಜಿ ನೋಡಿ, ಕಾಫಿ ಕುಡಿದು, "ಲೇಸರ್ ವಿಭಾಗದ ಪ್ರಗತಿ ತೃಪ್ತಿಕರ" ಎಂದು ಬರೆದು ಹೋದರು.

ಕೆಂಪು ದೀಪ

ನೀಲಿ ಲೇಸರ್ ಉರಿಯಲೇ ಇಲ್ಲವಾದ್ದರಿಂದ ಕೆಂಪು ಲೇಸರನ್ನು ಹೊತ್ತು ರೈಲಿನಲ್ಲಿ ಎರ್ನಾಕುಲಂಗೆ ಹೋದೆ. ಅದರ ಚುಕ್ಕೆ ಸಾಸಿವೆಯಷ್ಟು, ಹುಣ್ಣು ರೂಪಾಯಿಯಗಲ. ಪೊಲೀಸಿನವನು ನಿಮಿಷಕ್ಕೊಮ್ಮೆ ತಲೆ ತಿರುಗಿಸುತ್ತಿದ್ದ.

"ಅಲುಗಾಡಬೇಡವಯ್ಯಾ. ಕೆಂಪು ದೀಪ ಕಂಡರೆ ನಿಲ್ಲಬೇಕೆಂದು ಗೊತ್ತಿಲ್ಲವೇ?"

"ನಿಲ್ಲುವವರು ಬೇರೆಯವರು ಸಾರೇ. ನಾನು ನಾಲ್ಕೂ ಕಡೆ ನೋಡಬೇಕು."

ಗುಣ

ಲೇಸರನ್ನು ಪೆಟ್ಟಿಗೆಗೆ ಹಾಕಿದೆ. ಆಸ್ಪತ್ರೆಯ ಸ್ಲೈಡ್ ಪ್ರೊಜೆಕ್ಟರಿಗೆ ಕೆಂಪು ಗಾಜು ಕಟ್ಟಿ, ಬಿಸಿ ತಡೆಯಲು ಮುಂದೊಂದು ನೀರಿನ ಗಾಜಿನ ಪಾತ್ರೆ ಇಟ್ಟು, ಇಡೀ ಹುಣ್ಣಿಗೆ ಒಟ್ಟಿಗೇ ಬೆಳಕು ಬಿಟ್ಟೆವು. ವೈದ್ಯರು ಹಾಗೇ ಮುಂದುವರಿಸಿದರು. ಮೂರು ತಿಂಗಳಲ್ಲಿ ಮಾಯಿತು.

ಇದು ಪ್ರಯೋಗದ ಚಿಕಿತ್ಸೆ, ಗುಣವಾಗಿದೆಯೆಂದು ನಿಮ್ಮ ಸಂಸ್ಥೆಯ ಪತ್ರ ಬೇಕು ಎಂದಿತು ಪೊಲೀಸ್ ಇಲಾಖೆ. ಅವನು ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡೇ ತಿರುವನಂತಪುರಕ್ಕೆ ಬಂದ. ನಿರ್ದೇಶಕರು ಕನ್ನಡಕ ಏರಿಸಿ ಕೆನ್ನೆ ನೋಡಿದರು. ಮುಟ್ಟಿಯೂ ನೋಡಿದರು.

"ಭೇಷ್. ಯಾವ ಲೇಸರ್?"

"ಲೇಸರ್ ಅಲ್ಲ. ಪ್ರೊಜೆಕ್ಟರಿನ ಬಲ್ಬು" ಅಂದೆ.

ಪೆನ್ನಿಗೆ ಮುಚ್ಚಳ ಹಾಕಿದರು. "ಹಾಗಾದರೆ ಗುಣವಾಗಿದೆ ಅನ್ನಲು ಬರುವುದಿಲ್ಲ."

"ಕೆನ್ನೆ ಕಣ್ಣೆದುರಿಗೇ ಇದೆ."

"ಇರಬಹುದು. ನಮ್ಮದು ಲೇಸರ್ ವಿಭಾಗ."

ಪೊಲೀಸಿನವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ.

"ಹಾಗಿದ್ದರೆ ಹುಣ್ಣು ವಾಪಸು ಕೊಟ್ಟುಬಿಡಿ ಸಾರೇ. ಲೇಸರಿನಿಂದಲೇ ವಾಸಿ ಮಾಡಿಸಿಕೊಳ್ಳುತ್ತೇನೆ."

ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಪತ್ರ ಟೈಪು ಮಾಡಿ, ನಾನೇ ಸಹಿ ಹಾಕಿ ಕೊಟ್ಟೆ. ಒಳಗೆ ನಿರ್ದೇಶಕರು ಅವನ ಸಲಹೆಯನ್ನು ಇನ್ನೂ ಯೋಚಿಸುತ್ತಿದ್ದರು.